‘ಮೊದಲಿನದೇ ಚೆನ್ನಾಗಿತ್ತು’ ಎನ್ನುವವರ ಮಾತಿನಲ್ಲಿ ಏನಿದೆ?

2016ರ ಏಪ್ರಿಲ್ 5ರಂದು ವಾಟ್ಸ್‌ಆ್ಯಪ್ ತನ್ನ ಒಡಲಿನೊಳಗೆ ಬಹಳ ದೊಡ್ಡ ಬದಲಾವಣೆಯೊಂದನ್ನು ಮುಗಿಸಿತು. ನೂರು ಕೋಟಿ ಜನರ ಸಂದೇಶ, ಫೋಟೊ, ಕರೆ ಎಲ್ಲವೂ ಅಂದಿನಿಂದ ಕಳುಹಿಸಿದವರ ಫೋನಿನಲ್ಲೇ ಬೀಗ ಹಾಕಿಸಿಕೊಂಡು ಹೊರಟು, ಪಡೆಯುವವರ ಫೋನಿನಲ್ಲಿ ಮಾತ್ರ ತೆರೆದುಕೊಳ್ಳುತ್ತವೆ. ನಡುವೆ ಕುಳಿತ ಕಂಪನಿಗೂ ಅವನ್ನು ಓದಲು ಬರುವುದಿಲ್ಲ. ಬಳಸುವವರು ಒಂದು ಗುಂಡಿಯನ್ನೂ ಹೊಸದಾಗಿ ಕಲಿಯಬೇಕಾಗಲಿಲ್ಲ, ಯಾರೂ ಗೊಣಗಲೂ ಇಲ್ಲ. ಮರುವರ್ಷ ಮಾರ್ಚ್‌ನಲ್ಲಿ ಆ್ಯಪಲ್ ಐಒಎಸ್ 10.3 ಆವೃತ್ತಿಯ ಮೂಲಕ ಕೋಟ್ಯಂತರ ಐಫೋನ್‌ಗಳ ಕಡತ ವ್ಯವಸ್ಥೆಯನ್ನೇ, ಅಂದರೆ ಫೋಟೊ, ದಾಖಲೆಗಳನ್ನೆಲ್ಲ ಒಳಗೆ ಜೋಡಿಸಿಡುವ ಏರ್ಪಾಡನ್ನೇ, ಬುಡದಿಂದ ಬದಲಿಸಿತು. ಸಾಮಾನೆಲ್ಲ ಮನೆಯೊಳಗೆ ಇರುವಾಗಲೇ ಅಡಿಪಾಯ ತೆಗೆದು ಬೇರೆ ಹಾಕಿದಂಥ ಕೆಲಸ ಅದು. ಫೋನು ಒಮ್ಮೆ ಆರಿ ಹೊತ್ತಿಕೊಂಡಿತು, ಫೋಟೊಗಳು ಇದ್ದಲ್ಲೇ ಇದ್ದವು, ಜನ ತಮ್ಮ ತಮ್ಮ ಕೆಲಸಕ್ಕೆ ಹೋದರು.

ಈ ಎರಡು ಸಂಗತಿಗಳನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ತಂತ್ರಜ್ಞಾನ ಕಂಪನಿ ತನ್ನ ಆ್ಯಪ್‌ನ ರೂಪ ಬದಲಿಸಿದಾಗ, ಇದ್ದ ಸೌಲಭ್ಯವನ್ನು ತೆಗೆದಾಗ, ಉಚಿತವಾಗಿದ್ದುದಕ್ಕೆ ದುಡ್ಡು ಕೇಳಿದಾಗ ಬಳಕೆದಾರರು ದೂರುತ್ತಾರೆ. ಆ ದೂರಿಗೆ ಸಿದ್ಧ ಉತ್ತರವೊಂದಿದೆ: ಜನರಿಗೆ ಬದಲಾವಣೆ ಎಂದರೇ ಆಗುವುದಿಲ್ಲ, ಒಲ್ಲದ ಗಂಡನಿಗೆ ಮೊಸರಿನಲ್ಲೂ ಕಲ್ಲು, ಎರಡು ವಾರ ಕಳೆದರೆ ತಾವಾಗಿಯೇ ಹೊಂದಿಕೊಳ್ಳುತ್ತಾರೆ. ಈ ಉತ್ತರ ನಿಜವಾಗಿದ್ದರೆ ಮೇಲೆ ಹೇಳಿದ ಎರಡೂ ಸಂದರ್ಭಗಳಲ್ಲಿ ಗದ್ದಲ ಏಳಬೇಕಿತ್ತು. ಏಳಲಿಲ್ಲ. ಹಾಗಾದರೆ ಜನ ವಿರೋಧಿಸುತ್ತಿರುವುದು ಬದಲಾವಣೆಯನ್ನಲ್ಲ, ಬೇರೆ ಏನನ್ನೋ. ಅದೇನೆಂದು ಕೇಳುವ ತಾಳ್ಮೆ ಕಂಪನಿಗಳಿಗೂ ಇಲ್ಲ, ತಂತ್ರಜ್ಞಾನದ ಬಗ್ಗೆ ಬರೆಯುವ ನಮ್ಮಂಥವರಿಗೂ ಸಾಕಷ್ಟು ಇಲ್ಲ.

ನನ್ನ ಚಿಕ್ಕಮ್ಮನ ಬಳಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಫೋನಿನಲ್ಲಿ ಮಾಡುವ ಪ್ರತಿಯೊಂದು ಕೆಲಸಕ್ಕೂ ಅದರಲ್ಲಿ ಒಂದು ಪುಟ. ‘ಬಿಲ್ಲು ಕಟ್ಟುವುದು’ ಎಂಬ ತಲೆಬರಹದ ಕೆಳಗೆ ದುಂಡನೆಯ ಅಕ್ಷರಗಳಲ್ಲಿ ಹೀಗಿತ್ತು: ‘ಕೆಳಗೆ ಎಡಗಡೆ ಮನೆಯ ಚಿತ್ರ. ಮೇಲಿನಿಂದ ಮೂರನೆಯದು, ನೀಲಿ. ಚಕ್ರ ತಿರುಗುವುದು ನಿಲ್ಲುವ ತನಕ ಏನನ್ನೂ ಒತ್ತಬಾರದು.’ ಆ ಪುಟವನ್ನು ನೋಡದೆಯೇ ಬಿಲ್ಲು ಕಟ್ಟುವಷ್ಟು ಅವರ ಬೆರಳು ಪಳಗಿತ್ತು. ಒಂದು ಬೆಳಿಗ್ಗೆ ಆ್ಯಪ್ ಬದಲಾಗಿತ್ತು. ಮನೆಯ ಚಿತ್ರ ನಡುವಿಗೆ ಬಂದಿತ್ತು, ನೀಲಿ ಬಣ್ಣ ಹೋಗಿತ್ತು. ಮೇಲಿನಿಂದ ಮೂರನೆಯ ಜಾಗದಲ್ಲಿ ಈಗ ಇದ್ದದ್ದು ಸಾಲ ಕೊಡುವ ಪ್ರಸ್ತಾಪ. ಅವರ ಬೆರಳು ಅಭ್ಯಾಸದಂತೆ ಅಲ್ಲಿಗೇ ಹೋಯಿತು. ‘ಮುಂದುವರಿಯಿರಿ’ ಎಂದು ಕೇಳಿದಲ್ಲೆಲ್ಲ ಮುಂದುವರಿದರು. ಆಧಾರ್ ದಾಖಲೆಯ ಫೋಟೊ ಕೇಳಿದಾಗ ಮಾತ್ರ ಏನೋ ಅನುಮಾನ ಬಂದು ನನಗೆ ಕರೆ ಮಾಡಿದರು. ಅವರ ಮೊದಲ ಮಾತು ‘ಆ್ಯಪ್ ಕೆಟ್ಟಿದೆ’ ಎಂದಾಗಿರಲಿಲ್ಲ. ‘ನಾನೇ ಏನೋ ತಪ್ಪು ಒತ್ತಿದೆ’ ಎಂದಾಗಿತ್ತು.

ಆ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ. ಅವರು ಏನನ್ನೂ ತಪ್ಪು ಒತ್ತಿರಲಿಲ್ಲ. ತಿಂಗಳುಗಟ್ಟಲೆ ಕಷ್ಟಪಟ್ಟು ಗಳಿಸಿದ್ದ ಒಂದು ಕೌಶಲವನ್ನು ಯಾರೋ ಅವರನ್ನು ಕೇಳದೆ ರದ್ದು ಮಾಡಿದ್ದರು. ಕೌಶಲ ಎಂಬ ಪದವನ್ನು ನಾನು ಯೋಚಿಸಿಯೇ ಬಳಸುತ್ತಿದ್ದೇನೆ. ಟೈಪ್ ಮಾಡುವುದು, ವಾಹನ ಓಡಿಸುವುದು, ಹೊಲಿಗೆ ಯಂತ್ರ ತುಳಿಯುವುದು ಹೇಗೆ ಕೈಕಾಲಿಗೆ ಇಳಿದ ಕಲಿಕೆಯೋ ಹಾಗೆಯೇ ಆ್ಯಪ್ ಬಳಸುವುದೂ. ಅದನ್ನು ಕಲಿಯಲು ಹೂಡಿದ ಸಮಯ ಬಳಸುವವರದು. ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದಕ್ಕೊಂದು ಸಾಲು ಇಲ್ಲ.

ಇದರಲ್ಲಿ ಇನ್ನೂ ಗಂಭೀರವಾದದ್ದೊಂದಿದೆ. ಬೆರಳು ತಾನಾಗಿ ಹೋಗುವ ಜಾಗಕ್ಕೆ ಬೆಲೆಯಿದೆ. ಅಲ್ಲಿ ಏನನ್ನು ಇಟ್ಟರೂ ಜನ ಒತ್ತುತ್ತಾರೆ. ಹೀಗಾಗಿ ಹೊಸದಾಗಿ ಮಾರಬೇಕಾದ ಸರಕು ಬಂದಾಗಲೆಲ್ಲ ಅದನ್ನು ಹಳೆಯ ಗುಂಡಿಯ ಜಾಗದಲ್ಲೇ ಕೂರಿಸುವ ಆಸೆ ಹುಟ್ಟುತ್ತದೆ. ಇದಕ್ಕೆ ಕಣ್ಣೆದುರಿನ ಸಾಕ್ಷಿ 2016ರಲ್ಲಿ ಸಿಕ್ಕಿತು. ವಿಂಡೋಸ್ 7 ಮತ್ತು 8 ಬಳಸುತ್ತಿದ್ದವರನ್ನು ವಿಂಡೋಸ್ 10ಕ್ಕೆ ಕರೆದೊಯ್ಯಲು ಮೈಕ್ರೋಸಾಫ್ಟ್ ಪದೇ ಪದೇ ಒಂದು ಸೂಚನಾ ಪೆಟ್ಟಿಗೆಯನ್ನು ತೋರಿಸುತ್ತಿತ್ತು. ಬೇಡವೆನ್ನುವವರು ಮೂಲೆಯ ಕೆಂಪು ಗುಣಾಕಾರ ಚಿಹ್ನೆಯನ್ನು ಒತ್ತಿ ಅದನ್ನು ಮುಚ್ಚುತ್ತಿದ್ದರು. ಎರಡು ದಶಕಗಳಿಂದ ಆ ಚಿಹ್ನೆಗೆ ‘ಬೇಡ, ಮುಚ್ಚು’ ಎಂಬುದೊಂದೇ ಅರ್ಥ. ಆ ವರ್ಷದ ಮೇ ತಿಂಗಳ ಹೊತ್ತಿಗೆ ಅದೇ ಚಿಹ್ನೆಯನ್ನು ಒತ್ತಿದರೂ ನಿಗದಿಯಾದ ಬದಲಾವಣೆ ರದ್ದಾಗುತ್ತಿರಲಿಲ್ಲ. ಗೊತ್ತುಪಡಿಸಿದ ಹೊತ್ತಿಗೆ ಕಂಪ್ಯೂಟರ್ ತಾನಾಗಿ ಹೊಸ ಆವೃತ್ತಿಗೆ ಹೋಗುತ್ತಿತ್ತು. ವಿರೋಧ ಜೋರಾದ ಮೇಲೆ ಕಂಪನಿ ಅದನ್ನು ಸರಿಪಡಿಸಿತು. ಒಂದು ಚಿಹ್ನೆಯ ಅರ್ಥವನ್ನು ತಿರುಗಿಸುವುದು ಬಣ್ಣ ಬದಲಿಸಿದಷ್ಟು ಸಣ್ಣ ವಿಷಯವಲ್ಲ. ಟ್ವಿಟರ್‌ನ ನೀಲಿ ಗುರುತಿನ ಕಥೆಯೂ ಅದೇ. ‘ಈ ವ್ಯಕ್ತಿ ಯಾರೆಂದು ನಾವು ಪರಿಶೀಲಿಸಿದ್ದೇವೆ’ ಎಂದು ಹೇಳುತ್ತಿದ್ದ ಗುರುತು 2023ರ ಏಪ್ರಿಲ್‌ನಿಂದ ‘ಈ ವ್ಯಕ್ತಿ ಚಂದಾ ಕಟ್ಟಿದ್ದಾರೆ’ ಎನ್ನತೊಡಗಿತು. ಚಿತ್ರ ಅದೇ, ಜಾಗ ಅದೇ, ಮಾತು ಮಾತ್ರ ಬೇರೆ.

ಸುಮ್ಮನಾದವರೆಲ್ಲ ಒಪ್ಪಿದವರಲ್ಲ

ಬಳಕೆದಾರರ ದೂರನ್ನು ತಳ್ಳಿಹಾಕುವವರು ಯಾವಾಗಲೂ ಎತ್ತಿ ತೋರಿಸುವ ಉದಾಹರಣೆ ಫೇಸ್‌ಬುಕ್‌ನ ನ್ಯೂಸ್ ಫೀಡ್, ಅಂದರೆ ಗೆಳೆಯರು ಮಾಡಿದ್ದನ್ನೆಲ್ಲ ಒಂದೇ ಪುಟದಲ್ಲಿ ಸಾಲಾಗಿ ತೋರಿಸುವ ಸೌಲಭ್ಯ. 2006ರ ಸೆಪ್ಟೆಂಬರ್ 5ರಂದು ಅದು ಬಂದಾಗ ಲಕ್ಷಾಂತರ ಬಳಕೆದಾರರು ಅದೇ ಫೇಸ್‌ಬುಕ್‌ನಲ್ಲಿ ಗುಂಪು ಕಟ್ಟಿಕೊಂಡು ಪ್ರತಿಭಟಿಸಿದರು. ಕಂಪನಿ ಮಣಿಯಲಿಲ್ಲ. ಕಾಲ ಕಳೆದಂತೆ ನ್ಯೂಸ್ ಫೀಡ್ ಆ ಜಾಲತಾಣದ ಜೀವಾಳವಾಯಿತು, ಎಲ್ಲರೂ ಅದನ್ನೇ ನಕಲು ಮಾಡಿದರು. ‘ನೋಡಿ, ಅಂದು ಜನರ ಮಾತು ಕೇಳಿದ್ದರೆ ಏನಾಗುತ್ತಿತ್ತು’ ಎಂಬ ಪಾಠವನ್ನು ಇಡೀ ಉದ್ಯಮ ಇದರಿಂದ ಕಲಿತುಕೊಂಡಿತು.

ಆದರೆ ಆ ಕೆಲವು ದಿನಗಳಲ್ಲಿ ನಡೆದದ್ದನ್ನು ಪೂರ್ತಿ ನೋಡಬೇಕು. ಜನರ ಮುಖ್ಯ ತಕರಾರು ತಾವು ಮಾಡುವ ಸಣ್ಣಪುಟ್ಟ ಬದಲಾವಣೆಗಳೆಲ್ಲ ತಮ್ಮನ್ನು ಕೇಳದೆ ಎಲ್ಲ ಗೆಳೆಯರ ಮುಂದೆ ಪ್ರಕಟವಾಗುತ್ತಿವೆ ಎಂಬುದಾಗಿತ್ತು. ಮೂರೇ ದಿನದಲ್ಲಿ ಫೇಸ್‌ಬುಕ್‌ನ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ತಪ್ಪಾಯಿತೆಂದು ಒಪ್ಪಿಕೊಂಡು, ಯಾವುದು ಕಾಣಬೇಕು, ಯಾವುದು ಕಾಣಬಾರದು ಎಂದು ಆರಿಸುವ ಹಿಡಿತವನ್ನು ಬಳಕೆದಾರರಿಗೆ ಕೊಟ್ಟರು. ಅಂದರೆ ಅಂದೂ ಜನ ಕೇಳಿದ್ದು ಹಿಡಿತವನ್ನೇ, ಅದರಲ್ಲಿ ಒಂದು ಪಾಲು ಸಿಕ್ಕಿದ್ದರಿಂದಲೇ ಗದ್ದಲ ತಣಿಯಿತು. ಉದ್ಯಮ ಕಥೆಯ ಅರ್ಧವನ್ನು ಮಾತ್ರ ನೆನಪಿಟ್ಟುಕೊಂಡಿದೆ.

ಗೆಳೆಯರೆಲ್ಲ ಒಂದೇ ಕಡೆ ಇರುವಾಗ ಒಬ್ಬರು ಅಲ್ಲಿಂದ ಹೊರಡುವುದೆಂದರೆ ಗೆಳೆತನವನ್ನೇ ಬಿಟ್ಟು ಹೊರಟಂತೆ. ಅಲ್ಲಿ ದೂರು ಆರಿಹೋಗುವುದು ಬೇರೆ ದಾರಿಯಿಲ್ಲದ್ದರಿಂದ. 2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ತನ್ನ ಖಾಸಗಿತನದ ನಿಯಮಗಳನ್ನು ಬದಲಿಸುತ್ತೇನೆ, ಒಪ್ಪದಿದ್ದರೆ ಬಳಸುವಂತಿಲ್ಲ ಎಂದಾಗ ಅಪಾರ ಸಂಖ್ಯೆಯ ಜನ ಸಿಗ್ನಲ್ ಮತ್ತು ಟೆಲಿಗ್ರಾಂ ಹಾಕಿಕೊಂಡರು. ಫೆಬ್ರುವರಿ 8 ಎಂದಿದ್ದ ಗಡುವನ್ನು ಕಂಪನಿ ಮೇ 15ಕ್ಕೆ ಮುಂದೂಡಿತು. ಆಮೇಲೆ ಬಹುಪಾಲು ಜನ ವಾಪಸು ಬಂದರು, ಅಥವಾ ಹೋಗಿಯೇ ಇರಲಿಲ್ಲ. ಎರಡೂ ಆ್ಯಪ್‌ಗಳನ್ನು ಇಟ್ಟುಕೊಂಡಿದ್ದರು. ಮನೆಮಂದಿ, ಕಚೇರಿ, ಮಕ್ಕಳ ಶಾಲೆಯ ಗುಂಪು ಎಲ್ಲವೂ ಹಳೆಯ ಕಡೆಯೇ ಇದ್ದವು. ಅವರು ಹೊಸ ನಿಯಮವನ್ನು ಮೆಚ್ಚಿದರೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಹೊರಡಲು ದಾರಿ ಇರುವಲ್ಲಿ, ಕೊಳ್ಳದೇ ಇರುವ ಸ್ವಾತಂತ್ರ್ಯ ಇರುವಲ್ಲಿ ಅದೇ ಗೊಣಗಾಟ ಕಂಪನಿಗಳನ್ನು ಬಗ್ಗಿಸಿದೆ. 1995ರಿಂದ ಇದ್ದ ಸ್ಟಾರ್ಟ್ ಬಟನ್ ಅನ್ನು 2012ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 8 ತೆಗೆದುಹಾಕಿತು. ಮನೆಯವರೂ ಕಚೇರಿಗಳೂ ವಿಂಡೋಸ್ 7 ಬಿಟ್ಟು ಕದಲಲಿಲ್ಲ. ಒಂದೇ ವರ್ಷದಲ್ಲಿ 8.1 ಆವೃತ್ತಿಯೊಂದಿಗೆ ಬಟನ್ ಮರಳಿತು, 2015ರಲ್ಲಿ ವಿಂಡೋಸ್ 10ರೊಂದಿಗೆ ಪೂರ್ತಿ ಮೆನುವೇ ಮರಳಿತು. ಆ್ಯಪಲ್ ತನ್ನ ಮ್ಯಾಕ್‌ಬುಕ್‌ಗಳಿಗೆ 2015ರಿಂದ ಹಾಕಿದ ತೆಳ್ಳನೆಯ ಕೀಲಿಮಣೆ ಧೂಳಿನ ಕಣಕ್ಕೂ ಕೈಕೊಡುತ್ತಿತ್ತು. ನಾಲ್ಕು ವರ್ಷದ ಬೈಗುಳದ ನಂತರ 2019ರಿಂದ ಅದನ್ನು ಕೈಬಿಡತೊಡಗಿತು. 2021ರ ಮ್ಯಾಕ್‌ಬುಕ್ ಪ್ರೊದಲ್ಲಿ ತಾನೇ ಕಿತ್ತಿದ್ದ, ಟಿವಿ ಅಥವಾ ಪ್ರೊಜೆಕ್ಟರ್‌ಗೆ ಜೋಡಿಸುವ ಎಚ್‌ಡಿಎಂಐ ಮತ್ತು ಮೆಮೊರಿ ಕಾರ್ಡ್ ಕಿಂಡಿಗಳನ್ನು ಮರಳಿ ಕೊಟ್ಟಿತು. ಇಲ್ಲಿ ಜನ ಎರಡು ವಾರದಲ್ಲಿ ಹೊಂದಿಕೊಳ್ಳಲಿಲ್ಲವೇಕೆ? ಕೊಳ್ಳುವ ಮುನ್ನ ಕೈ ಹಿಂದೆ ಎಳೆದುಕೊಳ್ಳುವ ಅವಕಾಶ ಅವರಿಗಿತ್ತು.

‘ಇಷ್ಟವಿಲ್ಲದಿದ್ದರೆ ಬೇರೆಯದನ್ನು ಕೊಳ್ಳಿ’ ಎಂಬ ಮಾತಿಗೆ ಎಷ್ಟು ಆಯುಷ್ಯ ಎಂಬುದನ್ನು ಹೆಡ್‌ಫೋನ್ ಕಿಂಡಿ ತೋರಿಸಿದೆ. 2016ರ ಸೆಪ್ಟೆಂಬರ್‌ನಲ್ಲಿ ಐಫೋನ್ 7 ಅದನ್ನು ತೆಗೆಯಿತು. ಮುಂದಿನ ತಿಂಗಳೇ ಗೂಗಲ್ ತನ್ನ ಪಿಕ್ಸೆಲ್ ಫೋನಿನ ಜಾಹೀರಾತಿನಲ್ಲಿ ನಮ್ಮಲ್ಲಿ ಆ ಕಿಂಡಿ ಇದೆ ಎಂದು ಚುಚ್ಚಿತು. ಒಂದು ವರ್ಷ ಕಳೆದು ಪಿಕ್ಸೆಲ್ 2 ಬಂದಾಗ ಅದರಲ್ಲೂ ಕಿಂಡಿ ಇರಲಿಲ್ಲ. 2019ರಲ್ಲಿ ಸ್ಯಾಮ್‌ಸಂಗ್ ಕೂಡ ನೋಟ್ 10ರಿಂದ ಅದನ್ನು ಕೈಬಿಟ್ಟಿತು. ದುಬಾರಿ ಫೋನುಗಳಲ್ಲಿ ಆ ಆಯ್ಕೆ ಹೆಚ್ಚುಕಡಿಮೆ ಇಲ್ಲವಾಯಿತು.

ಈಗ ಸೋನೋಸ್‌ನ ವಿಷಯ. ಸ್ಪೀಕರ್ ತಯಾರಿಸುವ ಈ ಕಂಪನಿಗೆ 2024ರ ಮೇ ತಿಂಗಳಲ್ಲಿ ಆದದ್ದು, ವಸ್ತು ನಮ್ಮ ಮನೆಯಲ್ಲಿದ್ದರೂ ಅದರ ಜುಟ್ಟು ಬೇರೆಲ್ಲೋ ಇರುವುದು ಹೇಗೆ ಎಂಬುದನ್ನು ಸ್ಪಷ್ಟವಾಗಿ ತೋರಿಸಿತು. ಹೊಸ ಆ್ಯಪ್ ಬಂತು, ಹಳೆಯದು ಹೋಯಿತು. ಹೊಸದರಲ್ಲಿ ಅಲಾರಂ ಇಡಲು ಬರುತ್ತಿರಲಿಲ್ಲ, ಇಂತಿಷ್ಟು ಹೊತ್ತಿಗೆ ಸಂಗೀತ ತಾನಾಗಿ ನಿಲ್ಲುವಂತೆ ಮಾಡಲು ಬರುತ್ತಿರಲಿಲ್ಲ. ತೆರೆಯನ್ನು ಓದಿ ಹೇಳುವ ತಂತ್ರಾಂಶದ ಸಹಾಯದಿಂದ ಬಳಸುತ್ತಿದ್ದ ಅಂಧರಿಗೆ ಆ್ಯಪ್ ಬಳಸುವುದೇ ಕಷ್ಟವಾಯಿತು. ಗೋಡೆಯ ಮೇಲಿನ ಸ್ಪೀಕರ್ ಕೆಟ್ಟಿರಲಿಲ್ಲ, ತಂತಿ ತುಂಡಾಗಿರಲಿಲ್ಲ. ಆದರೂ ಹಿಂದಿನ ದಿನ ಮಾಡುತ್ತಿದ್ದ ಕೆಲಸವನ್ನು ಅದು ಮಾಡುತ್ತಿರಲಿಲ್ಲ. ಹಳೆಯ ಆ್ಯಪ್ ವಾಪಸು ಕೊಡಿ ಎಂದು ಜನ ಬೇಡಿದರು. ಕಂಪನಿ ಅದನ್ನು ಪರಿಶೀಲಿಸಿ, ಸ್ಪೀಕರ್‌ಗಳ ಒಳಗಿನ ತಂತ್ರಾಂಶವೂ ಸರ್ವರ್‌ಗಳೂ ಆಗಲೇ ಬದಲಾಗಿವೆ, ಹಳೆಯದನ್ನು ಮರಳಿ ತಂದರೆ ತೊಂದರೆ ಹೆಚ್ಚಾಗುತ್ತದೆ ಎಂದಿತು. ಅಂದರೆ ಹಿಂದಿರುಗುವ ಸೇತುವೆಯನ್ನು ಕಂಪನಿಯೇ ಕೆಡವಿತ್ತು. ಮುಖ್ಯ ಕಾರ್ಯನಿರ್ವಾಹಕ ಪ್ಯಾಟ್ರಿಕ್ ಸ್ಪೆನ್ಸ್ ಜುಲೈನಲ್ಲಿ ಕ್ಷಮೆ ಕೇಳಿದರು, 2025ರ ಜನವರಿಯಲ್ಲಿ ಹುದ್ದೆ ಬಿಟ್ಟರು.

ಅರ್ಧ ನಿಜವಾದ ಒಂದು ಗುಮಾನಿ

‘ಹೊಸ ಫೋನು ಮಾರುಕಟ್ಟೆಗೆ ಬಂದ ಕೂಡಲೇ ಹಳೆಯದು ನಿಧಾನವಾಗುತ್ತದೆ. ಅವರೇ ಬೇಕೆಂದು ಮಾಡುತ್ತಾರೆ.’ ಈ ಮಾತನ್ನು ಕೇಳದವರು ವಿರಳ. ವರ್ಷಗಟ್ಟಲೆ ತಿಳಿದವರು ಇದನ್ನು ಕಟ್ಟುಕಥೆ ಎಂದು ತಳ್ಳಿಹಾಕುತ್ತಿದ್ದರು. 2017ರ ಡಿಸೆಂಬರ್‌ನಲ್ಲಿ ಬಳಕೆದಾರರೊಬ್ಬರು ತಮ್ಮ ಐಫೋನಿನ ಬ್ಯಾಟರಿ ಬದಲಿಸಿದ ಮೇಲೆ ಅದರ ವೇಗ ಎದ್ದುಕಾಣುವಷ್ಟು ಹೆಚ್ಚಿತೆಂದು ಬರೆದರು. ಫೋನುಗಳ ವೇಗ ಅಳೆಯುವ ತಂತ್ರಾಂಶದಿಂದ ಸಿಕ್ಕ ದೊಡ್ಡ ಪ್ರಮಾಣದ ಅಂಕಿಗಳೂ ಅದನ್ನೇ ಹೇಳಿದವು. ಆಗ ಆ್ಯಪಲ್ ಒಪ್ಪಿಕೊಂಡಿತು: ಬ್ಯಾಟರಿ ಹಳೆಯದಾದ ಫೋನುಗಳ ವೇಗವನ್ನು ಆ ವರ್ಷದ ಆರಂಭದಲ್ಲಿ ಕಳುಹಿಸಿದ ಅಪ್‌ಡೇಟ್‌ನಿಂದಲೇ ತಗ್ಗಿಸಲಾಗುತ್ತಿತ್ತು.

ಇಲ್ಲಿ ಇಬ್ಬರಿಗೂ ನ್ಯಾಯ ಸಲ್ಲಬೇಕು. ಕಂಪನಿ ಕೊಟ್ಟ ಕಾರಣ ತಾಂತ್ರಿಕವಾಗಿ ಸರಿಯಾಗಿತ್ತು. ಲಿಥಿಯಂ ಬ್ಯಾಟರಿ ಮುದಿಯಾದಂತೆ ಹಠಾತ್ತನೆ ಹೆಚ್ಚು ವಿದ್ಯುತ್ ಕೊಡುವ ಶಕ್ತಿ ಕಳೆದುಕೊಳ್ಳುತ್ತದೆ, ಫೋನು ಇದ್ದಕ್ಕಿದ್ದಂತೆ ಆರಿಹೋಗುತ್ತದೆ. ವೇಗ ತಗ್ಗಿಸಿದರೆ ಅದು ತಪ್ಪುತ್ತದೆ. ಹೊಸ ಫೋನು ಮಾರುವ ಉದ್ದೇಶದಿಂದ ಹೀಗೆ ಮಾಡಿದ್ದು ಎಂಬ ಗುಮಾನಿಯನ್ನು ಕಂಪನಿ ಖಡಾಖಂಡಿತ ನಿರಾಕರಿಸಿತು. ಆದರೆ ಅದು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಸಾವಿರಾರು ಜನ ಹೊಸ ಫೋನಿನ ಬದಲು ಹೊಸ ಬ್ಯಾಟರಿ ಹಾಕಿಸಿಕೊಳ್ಳುತ್ತಿದ್ದರು. ಕಂಪನಿ ಕ್ಷಮೆ ಕೇಳಿತು, ಬ್ಯಾಟರಿ ಬದಲಿಸುವ ದರವನ್ನು 79 ಡಾಲರ್‌ನಿಂದ 29 ಡಾಲರ್‌ಗೆ ಇಳಿಸಿತು. 2020ರಲ್ಲಿ ಫ್ರಾನ್ಸ್‌ನ ಅಧಿಕಾರಿಗಳು ಗ್ರಾಹಕರಿಗೆ ತಿಳಿಸದೇ ಇದ್ದುದಕ್ಕಾಗಿ 2.5 ಕೋಟಿ ಯೂರೊ ದಂಡ ಹಾಕಿದರು. ಅಮೆರಿಕದ ಮೊಕದ್ದಮೆಯೊಂದರಲ್ಲಿ 50 ಕೋಟಿ ಡಾಲರ್‌ವರೆಗೆ ಕೊಡಲು ಕಂಪನಿ ಒಪ್ಪಿತು.

ಜನಸಾಮಾನ್ಯರ ಅಭಿಪ್ರಾಯವನ್ನು ನಾನು ಓದುವುದು ಈ ಘಟನೆಯ ಬೆಳಕಿನಲ್ಲಿ. ಅವರು ಕಂಡದ್ದು ಬಹುತೇಕ ಸರಿ ಇರುತ್ತದೆ, ಅದಕ್ಕೆ ಅವರು ಕೊಡುವ ಕಾರಣ ಕೆಲವೊಮ್ಮೆ ತಪ್ಪಿರುತ್ತದೆ. ಕಾರಣ ತಪ್ಪಾಯಿತೆಂದು ಕಂಡದ್ದನ್ನೂ ತಳ್ಳಿಹಾಕುವುದು ಅನ್ಯಾಯ. ರೋಗಿ ‘ಇಲ್ಲಿ ನೋಯುತ್ತದೆ’ ಎಂದು ತೋರಿಸಿದ ಜಾಗವನ್ನು, ಆತ ಹೇಳಿದ ಕಾಯಿಲೆಯ ಹೆಸರು ತಪ್ಪೆಂಬ ಕಾರಣಕ್ಕೆ ಮುಟ್ಟಿಯೂ ನೋಡದ ವೈದ್ಯರನ್ನು ನಾವು ಒಪ್ಪುವುದಿಲ್ಲ.

ಹಾಗಾದರೆ ಕಂಪನಿಗಳೇಕೆ ಹೀಗೆ ಎಡೆಬಿಡದೆ ಬದಲಿಸುತ್ತವೆ? ನ್ಯಾಯವಾದ ಕಾರಣಗಳೂ ಇವೆ. ಹಳೆಯ ಆವೃತ್ತಿಗಳನ್ನೆಲ್ಲ ಕಾಪಾಡುವುದು ದುಬಾರಿ, ಭದ್ರತೆಯ ದೃಷ್ಟಿಯಿಂದ ಅಪಾಯಕಾರಿ ಕೂಡ. ಆದರೆ ದೊಡ್ಡ ಕಾರಣ ದುಡ್ಡಿನ ಹರಿವು ಬದಲಾಗಿರುವುದು. ಪೆಟ್ಟಿಗೆಯಲ್ಲಿ ತಂತ್ರಾಂಶ ಮಾರುತ್ತಿದ್ದ ಕಾಲದಲ್ಲಿ ಹೊಸ ಆವೃತ್ತಿ ಹಳೆಯದಕ್ಕಿಂತ ಚೆನ್ನಾಗಿದ್ದರೆ ಮಾತ್ರ ಜನ ಮತ್ತೆ ಕೊಳ್ಳುತ್ತಿದ್ದರು. ಕೆಟ್ಟದಾಗಿದ್ದರೆ ಹಳೆಯದನ್ನೇ ಇಟ್ಟುಕೊಳ್ಳುತ್ತಿದ್ದರು. 2013ರಲ್ಲಿ ಅಡೋಬಿ ಇನ್ನು ಮುಂದೆ ಫೋಟೊಶಾಪ್‌ನ ಹೊಸ ಆವೃತ್ತಿಗಳು ಚಂದಾ ರೂಪದಲ್ಲಿ ಮಾತ್ರ ಸಿಗುತ್ತವೆ ಎಂದು ಪ್ರಕಟಿಸಿತು. ಹೆಚ್ಚುಕಡಿಮೆ ಇಡೀ ಉದ್ಯಮ ಅದೇ ಹಾದಿ ಹಿಡಿಯಿತು. ಚಂದಾದಾರರ ಕೈಯಲ್ಲಿ ‘ಹಳೆಯದೇ ಸಾಕು’ ಎನ್ನುವ ಅಸ್ತ್ರವಿಲ್ಲ. ಕಟ್ಟುವುದನ್ನು ನಿಲ್ಲಿಸಿದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಅಮೆಜಾನ್ 2024ರ ಜನವರಿಯಲ್ಲಿ ಅಮೆರಿಕದ ಪ್ರೈಮ್ ವಿಡಿಯೊ ಚಂದಾದಾರರಿಗೆ ಜಾಹೀರಾತು ತೋರಿಸತೊಡಗಿತು, ಜಾಹೀರಾತು ಬೇಡವೆಂದರೆ ಹೆಚ್ಚುವರಿ ಹಣ ಕೇಳಿತು. ಕಟ್ಟುವ ದುಡ್ಡು ಅದೇ ಇತ್ತು, ಸಿಗುವುದು ಕಡಿಮೆಯಾಯಿತು. ಜನ ಇದನ್ನು ‘ಮಾತು ತಪ್ಪಿದರು’ ಎನ್ನುತ್ತಾರೆ. ವಸ್ತು ಬದಲಾಗುವುದಕ್ಕೂ ಒಪ್ಪಂದ ಬದಲಾಗುವುದಕ್ಕೂ ಇರುವ ವ್ಯತ್ಯಾಸವನ್ನು ಇಷ್ಟು ಸರಳವಾಗಿ ಹೇಳಿದ ಆರ್ಥಿಕ ತಜ್ಞರನ್ನು ನಾನು ಕಂಡಿಲ್ಲ.

ಅಳತೆಗೋಲಿನ ಸಮಸ್ಯೆಯೂ ಇದೆ. ಹೊಸ ವಿನ್ಯಾಸವನ್ನು ಮೊದಲು ಕೆಲವರಿಗೆ ಮಾತ್ರ ತೋರಿಸಿ, ಅವರು ಎಷ್ಟು ಸಲ ಒತ್ತಿದರು, ಎಷ್ಟು ಹೊತ್ತು ಉಳಿದರು ಎಂದು ಹಳೆಯದರ ಜೊತೆ ಹೋಲಿಸುವುದು ಕಂಪನಿಗಳ ವಾಡಿಕೆ. ನನ್ನ ಚಿಕ್ಕಮ್ಮ ಕಳೆದುಹೋದ ಬಿಲ್ಲಿನ ಗುಂಡಿಯನ್ನು ಹುಡುಕುತ್ತ ಹತ್ತು ಕಡೆ ಒತ್ತಿದರೆ ಅದು ಆಸಕ್ತಿ ಎಂದೇ ದಾಖಲಾಗುತ್ತದೆ. ಸಾಲದ ಪ್ರಸ್ತಾಪದಲ್ಲಿ ಮೂರು ಹೆಜ್ಜೆ ಮುಂದೆ ಹೋದದ್ದಂತೂ ಆ ತಂಡಕ್ಕೆ ಗೆಲುವಾಗಿಯೇ ಕಾಣುತ್ತದೆ. ‘ನಾನೇ ಏನೋ ತಪ್ಪು ಒತ್ತಿದೆ’ ಎಂದು ಆಕೆ ಕುಗ್ಗಿದ್ದು ಯಾವ ಕೋಷ್ಟಕದಲ್ಲೂ ಕಾಣುವುದಿಲ್ಲ.

ಈಗ ಎಲ್ಲೆಡೆ ಕಾಣಿಸಿಕೊಳ್ಳುತ್ತಿರುವ ಎಐ ಗುಂಡಿಗಳನ್ನೂ ಈ ಹಿನ್ನೆಲೆಯಲ್ಲೇ ನೋಡಬೇಕು. ಎಐ ತಂತ್ರಜ್ಞಾನದಿಂದ ಪ್ರಯೋಜನ ಪಡೆಯುತ್ತಿರುವವರು ಬಹಳ ಮಂದಿ ಇದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಜನರ ಅಸಮಾಧಾನ ಅದು ಬಂದ ರೀತಿಯ ಬಗ್ಗೆ. ಕೇಳದವರ ತೆರೆಯ ಮೇಲೂ ಅದು ಬಂದು ಕೂತಿದೆ, ತೆಗೆಯಲು ಹೋದರೆ ದಾರಿ ಸಿಗುವುದಿಲ್ಲ. ಆಸ್ಟ್ರೇಲಿಯಾದ ಗ್ರಾಹಕ ರಕ್ಷಣಾ ಆಯೋಗ 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ವಿರುದ್ಧ ಹೂಡಿದ ಮೊಕದ್ದಮೆ ಇದಕ್ಕೆ ಒಳ್ಳೆಯ ದೃಷ್ಟಾಂತ. ವರ್ಡ್, ಎಕ್ಸೆಲ್‌ನಂಥ ತಂತ್ರಾಂಶಗಳಿರುವ ಮೈಕ್ರೋಸಾಫ್ಟ್ 365 ಚಂದಾಕ್ಕೆ ಕೋಪೈಲಟ್ ಎಂಬ ಎಐ ಸಹಾಯಕವನ್ನು ಸೇರಿಸಿ ದರ ಏರಿಸಿದಾಗ, ಹೆಚ್ಚಿನ ದರ ಕಟ್ಟಿ ಅಥವಾ ಚಂದಾ ರದ್ದು ಮಾಡಿ ಎಂಬ ಎರಡೇ ಆಯ್ಕೆಗಳಿವೆ ಎಂಬಂತೆ ಸುಮಾರು 27 ಲಕ್ಷ ಗ್ರಾಹಕರಿಗೆ ತಿಳಿಸಲಾಯಿತು ಎಂಬುದು ಆಯೋಗದ ಆರೋಪ. ಕೋಪೈಲಟ್ ಇಲ್ಲದ, ಹಳೆಯ ದರದ ಮೂರನೆಯ ಆಯ್ಕೆಯೊಂದು ಇತ್ತು; ಅದು ಕಾಣುತ್ತಿದ್ದುದು ಚಂದಾ ರದ್ದು ಮಾಡಲು ಹೊರಟವರಿಗೆ ಮಾತ್ರ. ಕಂಪನಿ ಮುಂದಿನ ತಿಂಗಳು ಕ್ಷಮೆ ಕೇಳಿ ಹಣ ಮರಳಿಸಲು ಮುಂದಾಯಿತು. ಇದೇ ಕಂಪನಿ 2024ರ ಮೇ ತಿಂಗಳಲ್ಲಿ, ಕಂಪ್ಯೂಟರ್ ತೆರೆಯ ಚಿತ್ರವನ್ನು ಆಗಾಗ ತೆಗೆದಿಟ್ಟುಕೊಳ್ಳುವ ರೀಕಾಲ್ ಎಂಬ ಸೌಲಭ್ಯವನ್ನು ಪ್ರಕಟಿಸಿತ್ತು. ಭದ್ರತಾ ಪರಿಣತರೂ ಸಾಮಾನ್ಯ ಬಳಕೆದಾರರೂ ಒಂದೇ ದನಿಯಲ್ಲಿ ವಿರೋಧಿಸಿದ ಮೇಲೆ ಅದನ್ನು ಮುಂದೂಡಿ, ಬೇಕೆಂದವರು ಮಾತ್ರ ಚಾಲೂ ಮಾಡಿಕೊಳ್ಳುವಂತೆ ಬದಲಿಸಿತು. ಮೊದಲೇ ಹಾಗೆ ಮಾಡಬಹುದಿತ್ತಲ್ಲವೇ?

ಮದ್ದು ಮತ್ತು ಬಣ್ಣ ಒಂದೇ ಬಾಟಲಿಯಲ್ಲಿ

ಈ ಇಡೀ ವಿಷಯದಲ್ಲಿ ನನಗೆ ಅತಿ ಹೆಚ್ಚು ಕಳವಳ ಹುಟ್ಟಿಸುವುದು ಜನರ ಬಾಯಲ್ಲಿ ಈಗ ಸಲಹೆಯಾಗಿಯೇ ಹರಡಿರುವ ಒಂದು ಮಾತು: ‘ಚೆನ್ನಾಗಿ ನಡೆಯುತ್ತಿದೆಯಲ್ಲ, ಅಪ್‌ಡೇಟ್ ಮಾಡಲು ಹೋಗಬೇಡಿ.’ ಪ್ರತಿ ಅಪ್‌ಡೇಟ್‌ನಲ್ಲಿ ಏನನ್ನೋ ಕಳೆದುಕೊಂಡವರು ಹೀಗೆ ಹೇಳುವುದು ಸಹಜ. ಆದರೆ ಇದರ ಬೆಲೆ ಬಹಳ ದೊಡ್ಡದು. 2017ರ ಮಾರ್ಚ್‌ನಲ್ಲಿ ವಿಂಡೋಸ್‌ನ ಒಂದು ಗಂಭೀರ ಬಿರುಕನ್ನು ಮುಚ್ಚುವ ದುರಸ್ತಿಯನ್ನು ಮೈಕ್ರೋಸಾಫ್ಟ್ ಬಿಡುಗಡೆ ಮಾಡಿತು. ಮೇ 12ರಂದು ಅದೇ ಬಿರುಕಿನಿಂದ ನುಗ್ಗಿದ ವನ್ನಾಕ್ರೈ ಎಂಬ ಕುತಂತ್ರಾಂಶ 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ಮುಂದಕ್ಕೆ ಹೋದವು. ದುರಸ್ತಿ ಸಿಕ್ಕಿ ಎರಡು ತಿಂಗಳಾಗಿತ್ತು, ಹಾಕಿಕೊಳ್ಳದವರು ಬಲಿಯಾದರು. ಹಾಕಿಕೊಳ್ಳದಿರಲು ಕಾರಣಗಳು ನೂರೆಂಟಿದ್ದವು, ಎಲ್ಲವೂ ಬೇಸರದಿಂದ ಹುಟ್ಟಿದವಲ್ಲ. ಆದರೂ ಒಂದು ವರ್ಷ ಮೊದಲು ಕೆಂಪು ಗುಣಾಕಾರದ ಪ್ರಸಂಗದಲ್ಲಿ ಕೈಸುಟ್ಟುಕೊಂಡವರು ಅಪ್‌ಡೇಟ್ ಎಂಬ ಪದಕ್ಕೇ ಹೆದರಿದ್ದರೆ ಅದು ಅವರೊಬ್ಬರದೇ ತಪ್ಪೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಭದ್ರತೆಯ ದುರಸ್ತಿ ಮದ್ದು. ಹೊಸ ವಿನ್ಯಾಸ, ಹೊಸ ಗುಂಡಿ, ಹೊಸ ಮಾರಾಟದ ಸರಕು ಬಣ್ಣ. ಎರಡನ್ನೂ ಒಂದೇ ಬಾಟಲಿಯಲ್ಲಿ ಹಾಕಿ ಕುಡಿಸುವುದರಿಂದ ಜನ ಮದ್ದನ್ನೂ ಚೆಲ್ಲುತ್ತಿದ್ದಾರೆ. ಇವೆರಡನ್ನು ಬೇರೆ ಬೇರೆಯಾಗಿ ಕೊಡುವುದು ಅಸಾಧ್ಯವೇನಲ್ಲ. ದೊಡ್ಡ ಸಂಸ್ಥೆಗಳಿಗೆ ಮಾರುವ ಆವೃತ್ತಿಗಳಲ್ಲಿ ವರ್ಷಗಟ್ಟಲೆ ರೂಪ ಬದಲಿಸದೆ ದುರಸ್ತಿಯನ್ನು ಮಾತ್ರ ಕಳುಹಿಸುವ ವ್ಯವಸ್ಥೆ ಆಗಲೇ ಇದೆ. ಕಂಪನಿಗಳಿಗೆ ಗೊತ್ತಿರುವ ಕೆಲಸವೇ ಅದು, ಮನೆಯಲ್ಲಿ ಬಳಸುವವರಿಗೆ ಮಾಡುತ್ತಿಲ್ಲ ಅಷ್ಟೇ.

ಕಾನೂನು ಮಧ್ಯೆ ಬಂದಾಗ ಅಸಾಧ್ಯ ಎನ್ನುತ್ತಿದ್ದುದು ಸಾಧ್ಯವಾಗುತ್ತದೆ ಎಂಬುದಕ್ಕೂ ಪುರಾವೆಗಳಿವೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರ್ ಇರಬೇಕು. ಗಟ್ಟಿಮುಟ್ಟಾಗಿದ್ದ ಎಷ್ಟೋ ಕಂಪ್ಯೂಟರ್‌ಗಳು ಒಂದೇ ದಿನಾಂಕದಲ್ಲಿ ಅನಾಥವಾದವು. ಇನ್ನೊಂದು ವರ್ಷದ ಭದ್ರತಾ ದುರಸ್ತಿಗೆ 30 ಡಾಲರ್ ಕಟ್ಟಬೇಕು, ಇಲ್ಲವೇ ತಮ್ಮ ಸೆಟ್ಟಿಂಗ್‌ಗಳನ್ನು ಕಂಪನಿಯ ಖಾತೆಗೆ ಜೋಡಿಸಬೇಕು ಎಂಬಂಥ ಷರತ್ತುಗಳಿದ್ದವು. ಯುರೋಪಿನ ಗ್ರಾಹಕ ಸಂಘಟನೆಗಳು ಆಕ್ಷೇಪಿಸಿದ ಮೇಲೆ ಅಲ್ಲಿನವರಿಗೆ ಆ ಷರತ್ತನ್ನು ಸಡಿಲಿಸಿ ಉಚಿತವಾಗಿ ಕೊಡಲಾಯಿತು. ತಂತ್ರಾಂಶ ಅದೇ, ಬಿರುಕು ಅದೇ, ದುರಸ್ತಿ ಅದೇ. ಕೇಳುವ ಶಕ್ತಿ ಇದ್ದವರಿಗೆ ಒಂದು ದರ, ಇಲ್ಲದವರಿಗೆ ಇನ್ನೊಂದು. ಫೋನುಗಳಿಗೆಲ್ಲ ಯುಎಸ್‌ಬಿ-ಸಿ ಎಂಬ ಒಂದೇ ಬಗೆಯ ಚಾರ್ಜಿಂಗ್ ಕಿಂಡಿ ಇರಬೇಕೆಂಬ ಯುರೋಪಿನ ನಿಯಮದ ಗಡುವು 2024ರ ಡಿಸೆಂಬರ್ 28ಕ್ಕೆ ಇತ್ತು, ಅದಕ್ಕೂ ಒಂದು ವರ್ಷ ಮೊದಲೇ ಐಫೋನ್ ಯುಎಸ್‌ಬಿ-ಸಿ ಕಿಂಡಿಗೆ ಬಂದಿತು, ಪ್ರಪಂಚದಾದ್ಯಂತ. ಹಳೆಯ ಕೇಬಲ್‌ಗಳು ವ್ಯರ್ಥವಾದವೆಂದು ಕೆಲವರು ಬೇಸರಪಟ್ಟರು, ನಿಜ. ಆದರೆ ಒಂದೇ ಕೇಬಲ್‌ನಲ್ಲಿ ಎಲ್ಲವನ್ನೂ ಚಾರ್ಜ್ ಮಾಡಬಹುದೆಂಬ ಲಾಭ ಬಳಸುವವರ ಕೈಗೇ ಬಂದದ್ದರಿಂದ ಆ ಬೇಸರ ಉಳಿಯಲಿಲ್ಲ.

ಆಯುಷ್ಯವನ್ನು ಮೊದಲೇ ಹೇಳಬೇಕೆಂಬ ಒತ್ತಾಯವೂ ಫಲ ಕೊಡುತ್ತಿದೆ. ಇಂಟರ್ನೆಟ್‌ಗೆ ಜೋಡಿಸುವ ಸಾಧನಗಳಿಗೆ ಎಲ್ಲಿಯವರೆಗೆ ಭದ್ರತಾ ದುರಸ್ತಿ ಸಿಗುತ್ತದೆಂದು ಮಾರುವ ಮುನ್ನವೇ ತಿಳಿಸಬೇಕೆಂಬ ಕಾನೂನು ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಂದು ಜಾರಿಗೆ ಬಂದಿತು. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ, ಡಿಜಿಟಲ್ ಪುಸ್ತಕ ಅಥವಾ ಆಟವನ್ನು ‘ಕೊಳ್ಳಿ’ ಎಂದು ಬರೆದು ಮಾರುವವರು ಅದು ಬಳಸುವ ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ಹೇಳಬೇಕು. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷದ ಅಪ್‌ಡೇಟ್ ಭರವಸೆ ಕೊಟ್ಟವು. ಹತ್ತು ವರ್ಷದ ಹಿಂದೆ ಎರಡು ವರ್ಷ ಸಿಕ್ಕರೆ ಹೆಚ್ಚು ಎಂಬ ಸ್ಥಿತಿ ಇತ್ತು.

ಇನ್ನೂ ಯಾವ ಕಾನೂನಿಗೂ ಸಿಗದೆ ಉಳಿದಿರುವುದು ಚಿಕ್ಕಮ್ಮನ ನೋಟ್‌ಬುಕ್‌ನಲ್ಲಿ ಇರುವಂಥದ್ದು: ಪಳಗಿದ ದಾರಿ. ಅದನ್ನು ಉಳಿಸಲು ಸಾಧ್ಯವೆಂದು ರೆಡ್ಡಿಟ್ ಎಂಬ ಚರ್ಚಾ ಜಾಲತಾಣ ತೋರಿಸಿದೆ. 2018ರಲ್ಲಿ ತನ್ನ ತಾಣವನ್ನು ಪೂರ್ತಿ ಹೊಸದಾಗಿ ಕಟ್ಟಿದಾಗ ಅದು ಹಳೆಯ ರೂಪವನ್ನು ಪ್ರತ್ಯೇಕ ವಿಳಾಸದಲ್ಲಿ ಹಾಗೆಯೇ ಬಿಟ್ಟಿತು. ಬೇಕಾದವರು ಅದರಲ್ಲೇ ವರ್ಷಗಟ್ಟಲೆ ಮುಂದುವರಿದರು. ಹಣ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ ಆ್ಯಪ್‌ಗಳಿಗಾದರೂ ಇದು ಕಡ್ಡಾಯವಾಗಬೇಕು ಎಂಬುದು ನನ್ನ ಬೇಡಿಕೆ. ಹೊಸ ರೂಪ ಬಂದ ಮೇಲೆ ಒಂದು ವರ್ಷ ಹಳೆಯದು ಇರಲಿ. ಬಿಲ್ಲು ಕಟ್ಟುವ ಗುಂಡಿ ಇದ್ದ ಜಾಗದಲ್ಲಿ ಆ ಒಂದು ವರ್ಷ ಸಾಲದ ಗುಂಡಿ ಬರಬಾರದು, ಖಾಲಿಯಾದರೂ ಇರಲಿ.

ಚಿಕ್ಕಮ್ಮ ‘ಬಿಲ್ಲು ಕಟ್ಟುವುದು’ ಪುಟವನ್ನು ಹೊಸದಾಗಿ ಬರೆದುಕೊಂಡಿದ್ದಾರೆ. ಈ ಸಲ ಜಾಗ ಬರೆದಿಲ್ಲ, ಬಣ್ಣವನ್ನೂ ಬರೆದಿಲ್ಲ. ‘ಬಿಲ್ಲು ಎಂಬ ಅಕ್ಷರ ಎಲ್ಲಿದೆ ಹುಡುಕು. ಸಾಲ ಎಂದು ಇದ್ದರೆ ಮುಟ್ಟಬೇಡ’ ಎಂದಿದೆ. ಅದರ ಕೆಳಗೆ ನನ್ನ ಫೋನ್ ನಂಬರ್.